ನಾಕಂದ್ರೂ ಶಾಭಾಸ್

"ನಿನ್ನ ಮೊಮ್ಮಗಳು ಮನೀದೆಲ್ಲಾ ಆ ಪೆಟ್ಟಿಗಿ ಮುಂದ ಹೇಳಿಬಿಟ್ಟಾಳ, ಗುರಮ್ಮಕ್ಕಾ," ಎಂದಳು ಪಕ್ಕದ ಮನೆಯ ಹುಸೇನಬೀ, ಗೋಡೆಯಾಚೆಯಿಂದ ಕತ್ತು ಚಾಚಿ. "ಸಾಲ್ಯಾಗಿನ ಟಿವಿ ಅದಲ್ಲ, ಅದರಾಗಿನ ಅಕ್ಕೋರು ಮನ್ಯಾಗ ಎಷ್ಟು ಮಂದಿ ಅಂತ ಕೇಳಿದ್ಳಂತ. ಈಕಿ ಏಳು ಅಂದ್ಳಂತ."

"ಏಳು ಎಲ್ಲಿಂದ ಬಂತು? ಆರಲ್ಲೇನು ನಾವು?"

"ಹೊಟ್ಟ್ಯಾಗಿಂದೂ ಹಿಡದು!"

ರೊಟ್ಟಿ ತಟ್ಟುತ್ತಿದ್ದ ಗುರಮ್ಮನ ಕೈ ನಿಂತಿತು. ಒಳಗೆ ಸೊಸೆ ಹೀರಾಬಾಯಿ ಬಸುರಿ, ನಾಲ್ಕನೆಯದು. ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿಯ ಕಾಲ; ಮಿರಗದ ಮೊದಲ ಮಳೆ ಆಗಷ್ಟೇ ಬಿದ್ದಿತ್ತು. ಮಕ್ಕಳು ಜಾಸ್ತಿ ಇದ್ದ ಗಂಡಸರನ್ನು ಸರಕಾರದವರು ಜೀಪಿನಲ್ಲಿ ಒಯ್ದು ಮತ್ತೆ ಮಕ್ಕಳಾಗದಂತೆ ಆಪರೇಶನ್ ಮಾಡಿಸುತ್ತಾರೆ ಎಂಬ ಸುದ್ದಿಯನ್ನು ಖಜೂರಿ ಕಡೆಯ ಲಾರಿಯವರು ಈ ನರೋಣಾ ಊರ ತನಕ ತಂದು ಇಳಿಸಿಹೋಗಿದ್ದರು. ಜೀಪನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಗುರಮ್ಮನ ಮಗ ಚಂದ್ರಾಮಪ್ಪ ಮನೆಗೆ ಬಾರದೆ ಹೊಲದ ಗುಡಿಸಲಲ್ಲೇ ಮಲಗುತ್ತಿದ್ದ.

ಐದು ವರ್ಷದ ಪ್ರಮಿಲಾ ಕುಣಿಯುತ್ತ ಬಂದಳು.

"ಬಾ ಇಲ್ಲಿ. ಏನಂದಿ ಆಕೀಗಿ?"

"ಏಳು ಅಂದೆ, ಆಯಿ." ಬೆರಳು ಬಿಚ್ಚಿ ತೋರಿಸಿದಳು. "ಅಕ್ಕೋರು ನನ್ನೇ ನೋಡಿ ನಕ್ರು. ಶಾಭಾಸ್ ಅಂದ್ರು."

"ನಿನ್ನೇ ನೋಡಿದ್ಳು?"

"ಹೂಂ. ಎಲ್ಲಿ ಕುಂತ್ರೂ ನನ್ನೇ ನೋಡ್ತಾರ."

ಗುರಮ್ಮ ಕೈ ಕೂಡ ತೊಳೆಯದೆ ಶಾಲೆಗೆ ನಡೆದಳು. ವ್ಯಂಕಟೇಶ ಮಾಸ್ತರರು ಟಿವಿ ಪೆಟ್ಟಿಗೆಯ ಎರಡೂ ಬಾಗಿಲು ಮುಚ್ಚಿ ಕೀಲಿ ಹಾಕುತ್ತಿದ್ದರು. ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಬುಟ್ಟಿಯೊಂದು ಮುಗಿಲಿಗೆ ಬಾಯಿ ತೆರೆದು ಕೂತಿತ್ತು.

"ಮಾಸ್ತರ್ರೇ, ಇದರ ಹೆಸರೇನ್ರಿ?"

"ದೂರದರ್ಶನ ಅಂತಾರ, ಆಯಿ."

"ದರ್ಶನ ಅಂದ್ರ ನೋಡೋದು. ಯಾರು ನೋಡೋದ್ರಿ, ನಾವೋ ಅವರೋ?"

"ನಾವ್ರೀ. ಅವರಿಗೆ ನಾವು ಕಾಣಂಗಿಲ್ಲ."

"ನನ್ನ ಕಿಡಕ್ಯಾಗಿಂದ ಹುಸೇನಬೀ ಒಲಿ ಕಾಣ್ತದ. ಆಕಿ ಕಿಡಕ್ಯಾಗಿಂದ ನನ್ನ ಒಲಿ ಕಾಣ್ತದ. ಒಂದೇ ಕಡಿ ಕಾಣೋ ಕಿಡಕಿ ಎಲ್ಲ್ಯಾದ್ರೂ ಅದ ಏನ್ರಿ?"

ಮಾಸ್ತರರು ನಕ್ಕರು. ಪೆಟ್ಟಿಗೆಯ ಜೊತೆ ಬಂದ ಸರಕಾರದವರು ಸ್ವಿಚ್ ಒತ್ತುವುದನ್ನು ಕಲಿಸಿದ್ದರೇ ಹೊರತು ಇದಕ್ಕೆ ಉತ್ತರ ಕಲಿಸಿರಲಿಲ್ಲ. "ನಾಳಿ ಮುಂಜಾನಿ ನೀವೇ ಬಂದು ಕುಂದರ್ರಿ. ಈ ವಾರೆಲ್ಲಾ ಎಣಿಕಿ ಪಾಠನೇ ಅದ."

ಮರುದಿನ ದಾರಿಯುದ್ದಕ್ಕೂ ಗುರಮ್ಮ ಮೊಮ್ಮಗಳಿಗೆ ತನ್ನದೇ ಪಾಠ ಹೇಳಿದಳು.

"ಕೇಳಿದ್ರ ನಾಕು ಅನ್ನು."

"ಯಾರ್ಯಾರನ್ನ ಬಿಡ್ಲಿ?"

"ನನ್ನ ಬಿಡು. ಹೊಟ್ಟ್ಯಾಗಿಂದು ಬಿಡು. ತಂಗೀನ್ನೂ ಬಿಡು."

"ತಂಗಿ ಅಳ್ತಾಳ."

"ಮೊಲಿ ಕುಡಿಯೋ ಕೂಸಿಗೇನು ತಿಳೀತದ, ನಡಿ."

ಪೆಟ್ಟಿಗೆ ಬೆಳಗಿತು. ನೀಟಾಗಿ ತಲೆ ಬಾಚಿದ ಹೆಣ್ಣುಮಗಳೊಬ್ಬಳು ಮೂಡಿಬಂದು ಕೈಮುಗಿದಳು. ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದ ಗುರಮ್ಮ ತಾನೂ ಮುಗಿದು, ಪರೀಕ್ಷೆಗೆಂದು ಕೇಳಿದಳು:

"ಚಾ ಆತೇನ್ರಿ, ಅಕ್ಕೋರೆ?"

ಹೆಣ್ಣುಮಗಳು ಅದರ ಗೊಡವೆಗೇ ಹೋಗದೆ ಗಿಳಿಯ ಚಿತ್ರ ತೋರಿಸತೊಡಗಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಕಂಡ್ರಿ? ಕೇಳ್ಸಂಗಿಲ್ಲ," ಎಂದರು ಮಾಸ್ತರರು.

"ಕೇಳೀನೂ ಕೇಳಲಾರದಂಗ ಕುಂತಾಳ. ಸರಕಾರದ ಮಂದಿ ಎಲ್ಲಾ ಹಂಗೇ."

ಗಿಳಿಗಳು ಮುಗಿದವು. "ಪುಟಾಣಿಗಳೇ, ನಿಮ್ಮ ಮನೆಯಲ್ಲಿ ಎಷ್ಟು ಜನ? ಬೆರಳು ಮಡಚಿ ಹೇಳಿ ನೋಡೋಣ," ಎಂದು ಪೆಟ್ಟಿಗೆಯ ಹೆಣ್ಣುಮಗಳು ಕಿವಿಗೆ ಕೈ ಹಚ್ಚಿ ಕಾದಳು. ಆ ಕೈ ಕಂಡದ್ದೇ ಗುರಮ್ಮ ಮೊಮ್ಮಗಳನ್ನು ಮೊಣಕೈಯಿಂದ ತಿವಿದಳು. ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ಪ್ರಮಿಲಾ ನಾಲ್ಕು ಬೆರಳು ಮಡಚಿ, ಐದನೆಯದನ್ನು ಆಯಿಯ ಕಡೆ ನೋಡಿ ಹಾಗೇ ಬಿಟ್ಟು, "ನಾಕು!" ಎಂದಳು.

"ಶಾಭಾಸ್! ಸರಿಯಾಗಿ ಹೇಳಿದಿರಿ!"

ಪಾಠ ಮುಗಿದ ಮೇಲೆ ಮಾಸ್ತರರಿಗೆ ಹುರುಪು ಬಂತು. "ನೋಡ್ರಿ ಆಯಿ, ನಿನ್ನಿ ಏಳಂದ್ರೂ ಶಾಭಾಸ್, ಇವತ್ತು ನಾಕಂದ್ರೂ ಶಾಭಾಸ್. ಆಕೀಗಿ ಕಿವಿ ಇದ್ದಿದ್ರ ಕೇಳ್ತಿದ್ದಿಲ್ಲೇನು, ನಿಮ್ಮನಿ ಉಳಿದ ಮೂರು ಮಂದಿ ಎಲ್ಲಿ ಅಂತ..."

"ಬಾಯಿ ಮುಚ್ರಿ ಮಾಸ್ತರ್ರೇ! ಬಾಗಿಲಾ ಇನ್ನೂ ತಗದದ!"

ಮಾಸ್ತರರು ಗಾಬರಿಯಿಂದ ಪೆಟ್ಟಿಗೆ ಮುಚ್ಚಿದರು. ಯಾಕೆ ಗಾಬರಿಯಾಯಿತೆಂದು ಅವರಿಗೇ ತಿಳಿಯಲಿಲ್ಲ. ಕೀಲಿ ತಿರುಗಿದ ಸಪ್ಪಳ ಕೇಳಿದ ಮೇಲೆಯೇ ಗುರಮ್ಮ ಮತ್ತೆ ಮಾತಾಡಿದಳು.

"ನಾಕು ಅಂತ ಬರಕೊಂಡಾಳ, ನಿನ್ನಿದು ಹೊಡದು ಹಾಕ್ಯಾಳ. ಛಲೋ ಆತು. ಇವತ್ತು ಚಂದ್ರಾಮಗ ಮನ್ಯಾಗ ಮಕ್ಕೋ ಅಂತೇನಿ."

"ನಿಮ್ಮ ಮನಸ್ಸಿಗಿ ಸಮಾಧಾನ ಆದ್ರ ಆತು ಬಿಡ್ರಿ, ಆಯಿ."

ಇಬ್ಬರೂ ಅಂಗಳಕ್ಕೆ ಇಳಿದರು. ಪ್ರಮಿಲಾ ಹಿಂದೆ ಉಳಿದಳು. ಕೀಲಿ ಹಾಕಿದ ಪೆಟ್ಟಿಗೆಯ ಬಳಿ ಹೋಗಿ, ಎರಡು ಬಾಗಿಲುಗಳ ನಡುವಿನ ಸಂದಿಗೆ ಬಾಯಿ ಹಚ್ಚಿ, ಬಿಟ್ಟವರನ್ನು ಒಂದೊಂದೇ ಬೆರಳು ಮಡಚಿ ಪಿಸುಗುಟ್ಟಿದಳು: ಆಯಿ, ತಂಗಿ, ಹೊಟ್ಟೆಯೊಳಗಿನದು. ಮಡಚಿದ ಬೆರಳುಗಳನ್ನು ಹಾಗೇ ಹಿಡಿದು, ಶಾಭಾಸ್ ಅನ್ನಲೆಂದು ಸಂದಿಗೆ ಕಿವಿಯಿಟ್ಟು ನಿಂತಳು.