ಇಲಿಗಳಿಗೆ ಕೊಟ್ಟ ಮದ್ದು

ಅಕ್ಕನ ಶವಪೆಟ್ಟಿಗೆಯ ಹಿಡಿಕೆಯಿಂದ ತಮ್ಮನ ಕೈಯನ್ನು ಚಿಕ್ಕಪ್ಪ ಮೆಲ್ಲಗೆ ಬಿಡಿಸಿದರು.

"ನೀನು ಕಾರಲ್ಲಿ ಬಾರೋ. ದಾರೀಲಿ ಹೊಟ್ಟೆ ಕೈಕೊಟ್ರೆ?"

ಹೊಟ್ಟೆ ವರ್ಷಗಳಿಂದ ಕೈಕೊಡುತ್ತಲೇ ಇತ್ತು. ಕರುಳಿನ ಉರಿಯೂತ, ರಕ್ತ ಹೋಗುತ್ತಿತ್ತು. ಮೊದಲು ಹೋಗುವವನು ಅವನೇ ಎಂದು ಮನೆಯವರೆಲ್ಲ ಒಳಗೊಳಗೇ ಅಂದುಕೊಂಡಿದ್ದರು. ಆದರೆ ನಿನ್ನೆ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದ ಅಕ್ಕ ಎದೆ ಹಿಡಿದು ಕುಸಿದವಳು ಏಳಲೇ ಇಲ್ಲ.

*

ಅಕ್ಕ ಪ್ರಯೋಗಾಲಯದಲ್ಲಿ ಸಹಾಯಕಿ. ಸೀರಿಯಂ ಎಂಬ ಲೋಹದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳನ್ನು ಮಾಡಿ, ಕರುಳು ಹುಣ್ಣಾದ ಇಲಿಗಳಿಗೆ ಕುಡಿಸುವುದು ಅವಳ ಕೆಲಸ. ಕಣಗಳು ಉರಿಯನ್ನು ಹೀರಿಕೊಳ್ಳುತ್ತವೆ, ಇಲಿಗಳು ಮೈತುಂಬಿಕೊಳ್ಳುತ್ತಿವೆ ಎಂದು ಒಮ್ಮೆ ಊಟದ ಹೊತ್ತಲ್ಲಿ ಬಾಯ್ತಪ್ಪಿ ಹೇಳಿಬಿಟ್ಟಳು. ಅಂದಿನಿಂದ ತಮ್ಮ ಬೆನ್ನುಬಿದ್ದ. ಅವನದು ಕ್ಷೌರದಂಗಡಿ. ಅರ್ಧ ಗಡ್ಡ ಕೆರೆದು ಕಕ್ಕಸಿಗೆ ಓಡುವವನ ಹತ್ತಿರ ಗಿರಾಕಿಗಳು ಎಷ್ಟು ದಿನ ಬಂದಾರು?

"ಒಂದು ಸೀಸೆ ತಂದ್ಕೊಡಕ್ಕ. ಇಲಿಗಿಂತ ಕಡೆಯಾದ್ನಾ ನಾನು?"

"ಇಲಿ ಸತ್ರೆ ಇನ್ನೊಂದು ತರ್ತೀವಿ," ಅಂದಳು ಅಕ್ಕ. "ನೀನು ಸತ್ರೆ?"

ಅವನು ಮಾತು ಬಿಟ್ಟ. ಅವಳು ಮಾತ್ರ ರಜೆ ಸಿಕ್ಕಾಗಲೆಲ್ಲ ಬಂದು ಅಂಗಡಿ ಗುಡಿಸಿ, ಕನ್ನಡಿ ಒರೆಸಿ ಹೋಗುತ್ತಿದ್ದಳು. ಅವನು ಕತ್ತೆತ್ತುತ್ತಿರಲಿಲ್ಲ.

*

ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯಾಕೆ, ಕಾರಿನ ಬಳಿ ನಿಂತಿದ್ದ ಅವನ ಪಕ್ಕ ಬಂದು ನಿಂತರು. ಆ ಮದ್ದು ಏನಾಯಿತು ಗೊತ್ತೇ ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಚೇತರಿಸಿಕೊಂಡಿದ್ದ ಇಲಿಗಳ ಲಿವರಿನಲ್ಲಿ ಕಣಗಳು ಹೊರಹೋಗದೆ ಕೂತುಬಿಟ್ಟವಂತೆ; ಕೆಲವೇ ತಿಂಗಳಲ್ಲಿ ಒಂದೊಂದಾಗಿ ಸತ್ತವಂತೆ. ಈಗ ಕಣಗಳಿಗೆ ಬೇರೆ ಹೊದಿಕೆ ಕೊಟ್ಟು ಮತ್ತೆ ಮೊದಲಿಂದ ಶುರುಮಾಡಿದ್ದಾರಂತೆ.

"ತಮ್ಮನಿಗೆ ಹೇಳಿಬಿಡು, ಮುನಿಸು ಹೋಗುತ್ತೆ ಅಂದಿದ್ದೆ ಕಣಪ್ಪ. ಹೇಳಿದ್ರೆ ಅವನಿಗಿರೋ ಒಂದು ಆಸೆನೂ ಹೋಗುತ್ತೆ, ನನ್ನ ಬೈಕೊಂಡಾದ್ರೂ ಬದುಕಿರ್ಲಿ ಅಂದ್ಲು."

ಅವನು ನೇರ ಹೋಗಿ ಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದ. ಚಿಕ್ಕಪ್ಪ ಈ ಸಲ ತಡೆಯಲಿಲ್ಲ.

ಸ್ಮಶಾನದ ದಾರಿಯ ಎರಡನೇ ತಿರುವಿನಲ್ಲಿ ಅವನ ಮುಖ ಬೆವೆತು ಬಿಳಿಚಿತು. ಹಲ್ಲುಕಚ್ಚಿ ಇನ್ನಷ್ಟು ದೂರ ನಡೆದ. ಆಮೇಲೆ ಆಗಲಿಲ್ಲ. ಪೆಟ್ಟಿಗೆ ಇಳಿಸುವಂತೆ ಸನ್ನೆ ಮಾಡಿ, ಯಾರದೋ ಮನೆಯ ಬಾಗಿಲು ತಟ್ಟಿ ಒಳಗೆ ಓಡಿದ.

ಹೊತ್ತಾಗುತ್ತಿದೆ, ಇನ್ಯಾರಾದರೂ ಹೊರಲಿ ಎಂದು ಹಿಂದಿನಿಂದ ಯಾರೋ ಗೊಣಗಿದರು. ಚಿಕ್ಕಪ್ಪ ತಿರುಗಿ ನೋಡಿದ್ದೇ ಗೊಣಗಿದವರು ಹಿಂದೆ ಸರಿದರು. ಎದುರು ಬಂದ ಲಾರಿಯವನು ಎಂಜಿನ್ ಆರಿಸಿದ. ಪೆಟ್ಟಿಗೆಯನ್ನು ನಡುರಸ್ತೆಯಲ್ಲಿ ಇಳಿಸಿಕೊಂಡು, ಅಷ್ಟೂ ಜನ ಆ ಮುಚ್ಚಿದ ಬಾಗಿಲಿನತ್ತ ನೋಡುತ್ತ ನಿಂತರು. ಮುಂದಿನ ಹಿಡಿಕೆಗೆ ಯಾರೂ ಕೈ ಹಾಕಲಿಲ್ಲ.