ನಲವತ್ತು ಸೆಕೆಂಡು

ಬೆಂಕಿ ಉಗುಳುವ ಬೆಟ್ಟದ ಬಾಯಿಯ ಕೆಳಗೆ, ಕೊರಕಲಿನ ಅಂಚಿನಲ್ಲಿ, ಎರಡು ಪೆಟ್ಟಿಗೆಗಳು ಅಕ್ಕಪಕ್ಕ ಕೂತಿದ್ದವು. ಒಂದೊಂದಕ್ಕೂ ತನ್ನದೇ ಬ್ಯಾಟರಿ, ತನ್ನದೇ ಸೋಲಾರ್ ಹಲಗೆ. ಎರಡರೊಳಗೂ ಉಗುರಗಲದ ಪ್ರೊಸೆಸರ್. ಒಂದು ಹನ್ನೆರಡು ವರ್ಷ ಹಳೆಯದು, ಇನ್ನೊಂದು ಈ ವರ್ಷ ಬಂದದ್ದು. ಕೆಲಸ ಮಾತ್ರ ಒಂದೇ. ನೆಲ ನಡುಗಿದರೆ ಅದು ಮರಳಿನ ಲಾರಿಯೋ, ಬೆಟ್ಟದಿಂದ ಇಳಿಯುವ ಬೂದಿಗೆಸರಿನ ಹೊನಲೋ ಎಂದು ಲೆಕ್ಕ ಹಾಕಬೇಕು. ಹೊನಲಾದರೆ ಕೆಳಗೆ ವಾತುಸೆಲಾ ಕೇರಿಯಲ್ಲಿ ಸೈರನ್ ಕೂಗಿಸಬೇಕು.

ಯಾವುದನ್ನು ಮಳೆಗಾಲಕ್ಕೆ ಮೇಲೆ ಬಿಡುವುದು ಎಂದು ಏಳು ದಿನದಿಂದ ಪರೀಕ್ಷೆ ನಡೆದಿತ್ತು. ಎಲ್ಲರೂ 'ಪಾಕ್', ಅಂದರೆ ಅಪ್ಪ, ಎಂದು ಕರೆಯುವ ಕಾವಲಿನ ತುಕಿಜಾನ್ ದಿನಾ ಬೆಳಿಗ್ಗೆ ಹತ್ತಿ ಹೋಗಿ, ಹೋದ ವರ್ಷದ ಹೊನಲಿನ ನಡುಕದ ದಾಖಲೆಯನ್ನು ಎರಡಕ್ಕೂ ಉಣಿಸಿ, ಎಷ್ಟು ಹೊತ್ತಿನಲ್ಲಿ ಗುರುತು ಹಿಡಿದವು, ಬ್ಯಾಟರಿ ಎಷ್ಟು ಉಳಿದಿದೆ ಎಂದು ಪುಸ್ತಕದಲ್ಲಿ ಗೀಚಿಕೊಂಡು ಬರುತ್ತಿದ್ದ. ಹಳೆಯದಕ್ಕೆ ನಲವತ್ತಮೂರು ಸೆಕೆಂಡು. ಹೊಸದಕ್ಕೆ ಮೂರೇ. ಬ್ಯಾಟರಿ ಎರಡರದೂ ಭರ್ತಿ. ಹಾಗಾಗಿ ಹೊಸದೇ ಗೆದ್ದಿತೆಂದು ಕಾವಲು ಠಾಣೆಯ ಇಂಜಿನಿಯರ್ ವೆನಿಂಗ್ ಶುಕ್ರವಾರವೇ ಪಟ್ಟಣದ ಕಚೇರಿಗೆ ತಿಳಿಸಿಯೂ ಆಗಿತ್ತು.

ತುಕಿಜಾನನಿಗೆ ಅದಕ್ಕಿಂತ ಬೇರೆ ಸುಖ ಬೇಕಿರಲಿಲ್ಲ. ವಾತುಸೆಲಾದಲ್ಲಿ ಅವನ ಮಗಳು ಸುಮಿರಾ ಇದ್ದಳು. ಪೆಟ್ಟಿಗೆ ಇರುವ ಜಾಗದಿಂದ ಹೊನಲು ಅಲ್ಲಿಗೆ ಇಳಿಯಲು ಒಂಬತ್ತು ನಿಮಿಷ. ಉಳಿದ ಮನೆಯವರೆಲ್ಲ ಐದು ನಿಮಿಷದಲ್ಲಿ ದಿಣ್ಣೆ ಹತ್ತುತ್ತಿದ್ದರು. ಸುಮಿರಾಳ ಮನೆಯಲ್ಲಿ ಒಂದು ತಿಂಗಳ ಕೂಸು, ಜೊತೆಗೆ ಕಾಲು ಬಿದ್ದ ಅತ್ತೆ ಕಾರ್ತಿ ಅಜ್ಜಿ. ಅಳಿಯ ಮರಳಿನ ಗಾಡಿಗೆ ಹೋದರೆ ಸಂಜೆಗೇ ಬರುವುದು. ಇಬ್ಬರನ್ನೂ ಸುಮಿರಾ ಒಬ್ಬಳೇ ದಿಣ್ಣೆ ಹತ್ತಿಸುವುದನ್ನು ಗಡಿಯಾರ ಹಿಡಿದು ಮೂರು ಸಲ ನಡೆಸಿ ನೋಡಿದ್ದರು: ಎಂಟೂವರೆ ನಿಮಿಷ. ಮೂರು ಸೆಕೆಂಡಿನ ಪೆಟ್ಟಿಗೆಯಾದರೆ ಉಳಿಯುತ್ತಾರೆ. ನಲವತ್ತಮೂರರದ್ದಾದರೆ ಇಲ್ಲ. ಇಷ್ಟೇ ಲೆಕ್ಕ, ಓದು ಬಾರದವನಿಗೂ ತಿಳಿಯುತ್ತಿತ್ತು.

ಭಾನುವಾರ ಅವನು ಬೆಟ್ಟ ಇಳಿದು ಬಂದು ಬೂದಿ ಹಿಡಿದ ಒರೆಸುಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಕುಕ್ಕುತ್ತಿದ್ದಾಗ ಹೆಂಡತಿ ಸಾಮಿನಾ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು.

"ಆ ಸೋಲಾರ್ ಗಾಜಿಗಿರೋ ಭಾಗ್ಯ ನನ್ನ ಮುಖಕ್ಕಿಲ್ಲ ನೋಡು. ದಿನಾ ಒರೆಸಿಸ್ಕೊಳ್ತದೆ," ಎಂದಳು. "ಮಳೆ ಹಿಡಿದು ದಾರಿ ಮುಚ್ಚಿದ ಮೇಲೆ ಯಾರು ಒರೆಸ್ತಾರೆ? ಬೆಟ್ಟದ ದೆವ್ವಾನಾ?"

ತುಕಿಜಾನನ ಕೈ ಬಟ್ಟೆಯ ಮೇಲೇ ನಿಂತಿತು. ಒರೆಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒರೆಸಬೇಡ ಎಂದೂ ಹೇಳಿರಲಿಲ್ಲ. ಹನ್ನೆರಡು ವರ್ಷದಿಂದ ಮೇಲೆ ಹೋದವನು ಮೊದಲು ಹಲಗೆಯ ಬೂದಿ ತೆಗೆಯುವುದು, ಆಮೇಲೆ ಉಸಿರು ಬಿಡುವುದು. ಮಳೆಗಾಲದಲ್ಲಿ ಆರು ವಾರ ಅಲ್ಲಿಗೆ ನರಪಿಳ್ಳೆ ಹೋಗುವುದಿಲ್ಲ. ಮಳೆ ಬೂದಿಯನ್ನು ತೊಳೆಯುವುದೂ ಇಲ್ಲ, ಗಾರೆಯಂತೆ ಮೆತ್ತಿಸುತ್ತದೆ. ಅಂದಮೇಲೆ ಬ್ಯಾಟರಿ ತುಂಬಿಸಿದ್ದು ಬಿಸಿಲಲ್ಲ, ತನ್ನ ಬಟ್ಟೆ.

ಅವತ್ತು ಸಂಜೆಯವರೆಗೂ ಅದೇ ಲೆಕ್ಕ ಹಾಕಿದ. ಸುಮ್ಮನಿದ್ದುಬಿಟ್ಟರೆ ಹೊಸದೇ ಮೇಲೆ ಕೂರುತ್ತದೆ, ಮಗಳಿಗೆ ಮೂರು ಸೆಕೆಂಡಿನ ಕೂಗು ಸಿಗುತ್ತದೆ. ಆದರೆ ಬೂದಿ ಮೆತ್ತಿ ಪೆಟ್ಟಿಗೆ ಹಸಿದು ನಡುವೆಯೇ ಮಲಗಿಬಿಟ್ಟರೆ ಯಾವ ಕೂಗೂ ಇಲ್ಲ, ಯಾರ ಮನೆಗೂ ಇಲ್ಲ. ಎದ್ದು ಠಾಣೆಗೆ ಹೋದ.

"ಅಕ್ಕಾ, ಆ ಲೆಕ್ಕ ಸುಳ್ಳು. ನಾನು ದಿನಾ ಗಾಜು ಒರೆಸ್ತಿದ್ದೆ."

ವೆನಿಂಗ್ ಪೆನ್ನು ಕೆಳಗಿಟ್ಟಳು. "ಎರಡನ್ನೂ?"

"ಎರಡನ್ನೂ. ಮುಖ ತೊಳೆದ ಹಾಗೆ. ಗ್ಯಾನವೇ ಇರಲಿಲ್ಲ."

"ನ್ಯಾಯವಂತರು ಪಾಕ್ ನೀವು, ಒಂದಕ್ಕೂ ಮೋಸ ಮಾಡಿಲ್ಲ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮಳೆಗೆ ಇನ್ನು ಐದಾರು ದಿನ ಅಂತಿದ್ದಾರೆ, ಇರುವಷ್ಟು ದಿನ ಮತ್ತೆ ನೋಡೋಣ, ಈ ಸಲ ಕೈ ಕಟ್ಟಿಕೊಂಡಿರಿ ಎಂದಳು.

ಕೈ ಕಟ್ಟಿಕೊಂಡಿರುವುದು ಎಂಥ ಕೆಲಸವೆಂದು ಆಗ ತಿಳಿಯಿತು. ಮೊದಲ ದಿನ ಹಲಗೆಯ ಮೇಲೆ ಅಕ್ಕಿಹಿಟ್ಟಿನಂಥ ಬೂದಿ. ಎರಡನೆಯ ದಿನ ಇಬ್ಬನಿ ಬಿದ್ದು ಅದು ಹೆಪ್ಪುಗಟ್ಟಿತು. ಬಿಸಿಲೂ ಮಂಕು. ತುಕಿಜಾನ್ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಆದರೂ ತೋಳು ತಾನಾಗಿ ಮುಂದಾಗುತ್ತಿತ್ತು, ಕೈಯನ್ನು ಸೊಂಟಕ್ಕೆ ಉಟ್ಟ ಸರೋಂಗಿನ ಗಂಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ವೆನಿಂಗಳೂ ಜೊತೆಗೆ ಹತ್ತಿದ್ದಳು; ಮಧ್ಯಾಹ್ನ, ಅವರಿಬ್ಬರೂ ನೋಡುತ್ತಿದ್ದ ಹಾಗೆಯೇ ಬ್ಯಾಟರಿ ಬರಿದಾಗಿ ಹೊಸ ಪೆಟ್ಟಿಗೆಯ ಹಸಿರು ದೀಪ ಆರಿತು. ಹಳೆಯದರ ಬ್ಯಾಟರಿ ಅರ್ಧಕ್ಕಿಂತ ಮೇಲೇ ನಿಂತಿತ್ತು, ಎರಡು ದಿನದಿಂದ ಇಳಿದಿರಲಿಲ್ಲ. ಲೆಕ್ಕ ಮಾತ್ರ ಅದೇ ನಲವತ್ತಮೂರು.

ಹೊಸದಕ್ಕೆ ನಿಧಾನವಾಗಿ ನಡಿ, ಕಡಿಮೆ ತಿನ್ನು ಅಂತ ಹೇಳಕ್ಕಾಗಲ್ವಾ ಎಂದು ಅವನು ಕೇಳಿದ. ಹೇಳಬಹುದು, ವೆನಿಂಗ್ ಒಪ್ಪಿದಳು. ಆದರೆ ಆಗ ಅದು ಬೇರೆಯೇ ಪೆಟ್ಟಿಗೆ ಆದಂತೆ, ಮೊದಲಿಂದ ಪರೀಕ್ಷೆ ಆಗಬೇಕು, ಮುಂದಿನ ಬೇಸಿಗೆಯ ಮಾತು. ಮೂಡಣದಲ್ಲಿ ಆಗಲೇ ಮೋಡ ಕಪ್ಪಗಿತ್ತು.

"ಹಳೇದು ಮಲಗಲ್ಲ, ಪಾಕ್," ಎಂದಳು ಅವನ ಮುಖ ನೋಡದೆ. "ಆದ್ರೆ ನಿಮ್ಮ ಸುಮಿರಾ ಮನೆ..."

ತುಕಿಜಾನ್ ಸರೋಂಗಿನ ಗಂಟಿನಿಂದ ಕೈ ಬಿಡಿಸಿಕೊಂಡ.

"ಹಳೇದನ್ನೇ ಇಡಿ. ಆ ನಲವತ್ತು ಸೆಕೆಂಡು ನಾನು ತರ್ತೀನಿ."

ಅಲ್ಲಿಂದ ಮನೆಗೂ ಹೋಗದೆ ನೇರ ವಾತುಸೆಲಾಕ್ಕೆ ಇಳಿದ. ಸುಮಿರಾ ಗಂಡನನ್ನು, ಮನೆಯನ್ನು ಬಿಟ್ಟು ಬರುವವಳಲ್ಲ. ಮಳೆಗಾಲ ಮುಗಿಯುವವರೆಗೆ ದಿಣ್ಣೆಯಾಚೆ ನಮ್ಮನೇಲಿರಿ ಎಂದು ಬೀಗಿತ್ತಿಗೆ ಹೇಳಿದ. ಕಾರ್ತಿ ಅಜ್ಜಿ ಗೋಡೆಗೆ ತಿರುಗಿ ಮಲಗಿದಳು. ಸತ್ತರೆ ಇಲ್ಲೇ ಎಂದಳು, ಮೊಮ್ಮಗನನ್ನು ಬಿಟ್ಟು ಬರಲ್ಲ ಎಂದಳು. ಕೊನೆಗೆ ಸುಮಿರಾ ಕೂಸನ್ನು ಎದೆಗವಚಿಕೊಂಡು ಕಾಲಬುಡದಲ್ಲಿ ಕೂತು, "ಅತ್ತೆ, ನೀವಿದ್ರೆ ನಾನು ನಿಮ್ಮನ್ನ ಬಿಟ್ಟು ಓಡಲ್ಲ. ಆಗ ಇವನೂ ಇರಲ್ಲ," ಎಂದಳು.

ಮುದುಕಿ ಇತ್ತ ಹೊರಳಿ ತುಕಿಜಾನನತ್ತ ಕೈ ಚಾಚಿದಳು. "ನಿನ್ನ ಹೆಂಡ್ತಿ ಸಾರಿಗೆ ಉಪ್ಪು ಹಾಕಲ್ಲ ಕಣಯ್ಯ."

ಹಾಕಿಸ್ತೀನಿ ಎಂದು ತುಕಿಜಾನ್ ಅವಳನ್ನು ಬೆನ್ನಿಗೇರಿಸಿಕೊಂಡ. ದಿಣ್ಣೆಯ ಮೇಲೆ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಗಡಿಯಾರ ಕೈಗೆ ತೆಗೆದುಕೊಂಡು ಕೆಳಕ್ಕೆ ಕೂಗಿದ. ಸುಮಿರಾ ಹೊಸಿಲಿನಿಂದ ಕೂಸಿನೊಂದಿಗೆ ಹೊರಟಳು, ಏದುಸಿರು ಬಿಡುತ್ತ ಮೇಲೆ ಬಂದಳು. ನಾಲ್ಕು ನಿಮಿಷ, ಹತ್ತು ಸೆಕೆಂಡು.

ಮೊದಲ ಹನಿ ಗಡಿಯಾರದ ಗಾಜಿನ ಮೇಲೆ ಬಿತ್ತು.

"ಇನ್ನೊಂದ್ಸಲ ನಡಿ, ಮಗಾ," ಎಂದ.