ಬಂದವರ ಮುಂದೆ ಎಲ್ಲ ಆರಾಮ

ಭೀಮಮ್ಮನ ಕಾಯಿಲೆಗೆ ಒಂದು ಕೆಟ್ಟ ಬುದ್ಧಿ ಇತ್ತು: ಮನೆಗೆ ಯಾರಾದರೂ ಬಂದರೆ ಸಾಕು, ಅಡಗಿ ಕೂರುತ್ತಿತ್ತು.

ಹೆರಿಗೆಯಾದಾಗಿನಿಂದ ಅವಳು ಮರಾಠಿ ಸೀಮೆಯ ವಿಠ್ಠಲವಾಡಿಯ ಕೂಲಿಕಾರರ ಬಸ್ತಿಯಲ್ಲಿ, ಒಂಟಿ ಕೋಣೆಯ ಖೋಲಿಯೊಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಅತ್ತರೂ ಹೊರಳುತ್ತಿರಲಿಲ್ಲ. ಗಂಡ ಜಟ್ಟೆಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವನು. ಮೊದಲು ದೃಷ್ಟಿ ತೆಗೆಸಿದ, ಆಮೇಲೆ ತಾಯತ ಕಟ್ಟಿಸಿದ, ಅದೂ ನಾಟದಾಗ ಬೈದ. ಒಂದು ಬೆಳಿಗ್ಗೆ ಅವಳು, "ಈ ಕೂಸಿಗೆ ಬ್ಯಾರೆ ಅವ್ವನ್ನ ನೋಡ್ರಿ, ನಾ ಇರೂದಿಲ್ಲ" ಎಂದಳು. ಬೈಗುಳ ಬಾಯಲ್ಲೇ ಒಣಗಿ, ಸುಗುಣಾಳ ಬಾಗಿಲಿಗೆ ಓಡಿದ.

ಸುಗುಣಾ ಕುಂದಾಪುರದ ಕಡೆಯವಳು; ಬಸ್ತಿಯ ತಾಯಂದಿರನ್ನು ಮನಸ್ಸಿನ ಡಾಕ್ಟರ ಬಳಿ ಮುಟ್ಟಿಸುವ ಸಂಸ್ಥೆಯ ಕಾರ್ಯಕರ್ತೆ. ಸಂಬಳ ಚಿಕ್ಕದು, ಬಾಯಿ ದೊಡ್ಡದು. ಅವಳು ಠಾಣೆ ಶಹರದ ಕಚೇರಿಯಿಂದ ಸಂಸ್ಥೆಯ ಮೇಡಮ್ಮನ್ನು ಕರೆತಂದಳು. ಮೇಡಂ ಹೊಸ್ತಿಲು ತುಳಿದದ್ದೇ ತಡ, ಭೀಮಮ್ಮ ಎದ್ದಳು, ಸೆರಗು ಹೊದ್ದಳು, ಚಹಾಕ್ಕಿಟ್ಟಳು.

"ನಿದ್ದೆ ಬರ್ತದಾ?"

"ಬರ್ತದ್ರಿ."

"ಊಟ?"

"ಆರಾಮ್ರಿ. ನಿಮ್ಮದು ಆತೇನ್ರಿ?"

ಮೇಡಂ ಎರಡನೇ ಕಪ್ಪನ್ನೂ ಕುಡಿದು, ಎಲ್ಲ ಸರಿಯಿದೆ ಎಂದು ಹೊರಟೇಬಿಟ್ಟರು. ವಿಜಯಪುರದ ಕಡೆಯ ಹೆಣ್ಣುಮಗಳು ಬಂದವರ ಮುಂದೆ ತಾಪತ್ರಯ ಬಿಚ್ಚುವುದಿಲ್ಲ. ಜೀವ ಹೋಗುವಾಗಲೂ "ಆರಾಮ್ರಿ" ಎಂದೇ ಹೋಗುತ್ತಾಳೆ.

ಗುರುವಾರ ದವಾಖಾನೆಗೆ ಮನಸ್ಸಿನ ಡಾಕ್ಟರು ಬರುವ ದಿನ. ಸುಗುಣಾ ಗಂಡ, ಹೆಂಡತಿ, ಕೂಸು ಮೂವರನ್ನೂ ಎಳೆದೊಯ್ದಳು. ಡಾಕ್ಟರ್ ರಘುಪತಿ ಬೆಂಗಳೂರಿನವರು. ಕನ್ನಡ ಕಿವಿಗೆ ಬಿದ್ದದ್ದೇ ಅರಳಿಬಿಟ್ಟರು.

"ಹೇಗಿದೀರಮ್ಮಾ?"

"ಆರಾಮ್ರಿ ಸಾಹೇಬ್ರ. ಊರ ಬಿಟ್ಟ ಬಂದೀರಿ, ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?"

ಡಾಕ್ಟರು ಮನೆಯ ಸುದ್ದಿ ಹೇಳತೊಡಗಿದರು. ಜಟ್ಟೆಪ್ಪ "ಈಕಿ ಸುಳ್ಳ ಹೇಳ್ತಾಳ್ರಿ" ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಗುಣಾ ಬಾಯಿ ಹಾಕಿದರೆ "ಅವರೇ ಹೇಳಲಿ" ಎಂದು ತಡೆದರು. ಹೊರಗೆ ಸಾಲು ಹನುಮಂತನ ಬಾಲ.

ಸುಗುಣಾಳ ಪಿತ್ತ ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು: ಹೀಗೇ ಮನೆಗೆ ಹೋದರೆ ಈ ಹೆಂಗಸು ಮುಂದಿನ ಗುರುವಾರಕ್ಕೆ ಉಳಿಯುತ್ತಾಳೋ ಇಲ್ಲವೋ. ಬಸ್ತಿಯ ನಳದ ಮುಂದೆ ನೀರಿನ ಜಗಳ ನೋಡಿ ಸುಗುಣಾ ಒಂದು ವಿದ್ಯೆ ಕಲಿತಿದ್ದಳು. ಉಪಚಾರದಲ್ಲಿ ಮುಚ್ಚಿಟ್ಟದ್ದು ಜಗಳದಲ್ಲಿ ಹೊರಬೀಳುತ್ತದೆ.

"ಇವಳಿಗೆ ಎಂತ ಕಾಯಿಲೆಯೂ ಇಲ್ಲ ಡಾಕ್ಟ್ರೇ, ಬರೀ ಸೋಮಾರಿ!" ಎಂದು ಗುಡುಗಿದಳು. "ಹೆತ್ತು ಬಿಸಾಡಿದ್ದಾಳೆ. ನಿಂಗೆ ಮಗು ಯಾಕೆ ಮಾರಾಯ್ತಿ? ಕೊಡು, ನಾನು ತಕ್ಕೊಂಡು ಹೋಗ್ತೇನೆ!"

ಡಾಕ್ಟರು ಎದ್ದು ನಿಂತರು. ಭೀಮಮ್ಮ ತಿರುಗಿದಳು, ತಲೆಯ ಸೆರಗು ಜಾರಿತು.

"ಒಯ್ಯೇ ನಮ್ಮವ್ವಾ, ಒಯ್ಯಿ! ನಾ ಸಾಯೂ ಹಾದಿ ನೋಡಾಕತ್ತೀನಿ. ಕಣ್ಣಿಗೆ ನಿದ್ದಿ ಇಲ್ಲ, ತುತ್ತ ಇಳಿಯೂದಿಲ್ಲ. ಕೂಸಿನ ಮಾರಿ ನೋಡಿದ್ರ ಏನೂ ಅನಸೂದಿಲ್ಲ ನನಗ. ಎಂಥಾ ಅವ್ವ ನಾನು? ಹೇಳು, ಎಂಥಾ ಅವ್ವ?"

ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ಯಾವಾಗಿನಿಂದಮ್ಮಾ?" ಎಂದರು. ಈ ಸಲ ಅವಳು ಅವರ ಮನೆಯವರನ್ನು ವಿಚಾರಿಸಲಿಲ್ಲ.

ಹೊರಗೆ ಬಂದಾಗ ಭೀಮಮ್ಮನ ಕೈಯಲ್ಲಿ ಗುಳಿಗೆಗಳಿದ್ದವು. ಇವಳನ್ನು ಒಂಟಿ ಬಿಡಬೇಡ, ವಾರ ವಾರ ಕರೆತಾ ಎಂದು ಜಟ್ಟೆಪ್ಪನಿಗೆ ತಾಕೀತಾಗಿತ್ತು. ಬಾಯಿ ಹರಿಬಿಟ್ಟದ್ದಕ್ಕೆ ಸುಗುಣಾ ಡಾಕ್ಟರಿಂದ ಚೆನ್ನಾಗಿ ಉಗಿಸಿಕೊಂಡಿದ್ದಳು, ಆದರೂ ಬೇಸರಿಸಲಿಲ್ಲ.

ಕೂಸು ಕಿರುಚತೊಡಗಿತು. ಜಟ್ಟೆಪ್ಪ ರೂಢಿಯಂತೆ ಅದನ್ನು ಹೆಂಡತಿಯ ಕಡೆ ಚಾಚಿದ. ಸಾಲಿನಲ್ಲಿದ್ದ ಅಷ್ಟೂ ಜನ ನೋಡುತ್ತಿದ್ದರು.

"ನನ್ನ ಕಡೆ ಈಗ ಆಗೂದಿಲ್ಲ," ಎಂದಳು ಭೀಮಮ್ಮ, ಅಷ್ಟೂ ಜನರ ಎದುರಿಗೆ. "ನೀವ ಹಿಡೀರಿ."

ಜಟ್ಟೆಪ್ಪ ಕೂಸನ್ನು ಎದೆಗವಚಿಕೊಂಡ.